ಅಕ್ಷರ ಹಿಗ್ಗಿಸುವ ಕೆಲಸ ಯಾರದು? ಹೊಸ ಪರದೆಯಲ್ಲಿ ಹಳೆಯ ತಂತ್ರಾಂಶ

ಕೊಡಗಿನ ತೋಟದ ಆಫೀಸುಗಳಲ್ಲಿ, ಮಡಿಕೇರಿಯ ಡಿಟಿಪಿ ಅಂಗಡಿಗಳಲ್ಲಿ, ಗೋಣಿಕೊಪ್ಪದಲ್ಲಿ ಲೆಕ್ಕಪತ್ರ ನೋಡುವವರ ಕಚೇರಿಗಳಲ್ಲಿ ಇತ್ತೀಚೆಗೆ ಎರಡು ದೂರು ಮತ್ತೆ ಮತ್ತೆ ಕೇಳಿಬರುತ್ತವೆ. ಹಳೆಯ ಕಂಪ್ಯೂಟರ್ ಕೈಕೊಟ್ಟು ಹೊಸ ಲ್ಯಾಪ್‌ಟಾಪ್ ಬಂದಿರುತ್ತದೆ. ಪರದೆ ಬಹಳ ಚೆನ್ನಾಗಿದೆ, ಫೋಟೊ ತೆರೆದರೆ ಕಾಫಿ ಹೂವಿನ ಎಸಳೆಸಳೂ ಕಾಣುತ್ತದೆ. ಆದರೆ ವರ್ಷಗಟ್ಟಲೆ ಬಳಸಿಕೊಂಡು ಬಂದ ಚೆಕ್‌ರೋಲ್ (ತೋಟದ ಕೂಲಿಯವರ ಹಾಜರಿ, ಸಂಬಳದ ಪಟ್ಟಿ) ತಂತ್ರಾಂಶ ತೆರೆದರೆ ಒಂದು ಕಡೆ ಅಕ್ಷರ ತೀರಾ ಚಿಕ್ಕದು. ಲೆಕ್ಕ ಬರೆಯುವ ರೈಟರ್ ಮೂಗು ಪರದೆಗೆ ತಾಗುವಷ್ಟು ಬಾಗಿ ಹಾಜರಿ ಹಾಕಬೇಕು. ಇನ್ನೊಂದು ಕಡೆ ಅಕ್ಷರದ ಗಾತ್ರ ಸರಿ ಇದೆ, ಆದರೆ ಎಲ್ಲವೂ ಮಸುಕು.

ಮೊದಲನೆಯದಕ್ಕೆ ಜನ ತಮ್ಮ ಕಣ್ಣನ್ನು ದೂರುತ್ತಾರೆ, ಎರಡನೆಯದಕ್ಕೆ ಪರದೆಯನ್ನು. ಕಣ್ಣಿನದೂ ತಪ್ಪಿಲ್ಲ, ಪರದೆಯದೂ ತಪ್ಪಿಲ್ಲ. ಎರಡು ದೂರಿಗೂ ಬೇರು ಒಂದೇ. ಪರದೆಯ ಮೇಲಿನದನ್ನು ಹಿಗ್ಗಿಸುವ ಕೆಲಸವನ್ನು ತಂತ್ರಾಂಶ ಮಾಡಬೇಕೋ, ಅದರ ಪರವಾಗಿ ವಿಂಡೋಸ್ ಮಾಡಬೇಕೋ ಎಂಬುದು ಸರಿಯಾಗಿ ತೀರ್ಮಾನವಾಗಿಲ್ಲ. ಇದೊಂದು ಅರ್ಥವಾದರೆ ಮುಂದಿನ ಸೆಟ್ಟಿಂಗುಗಳೆಲ್ಲ ಬಾಯಿಪಾಠ ಮಾಡದೆಯೇ ಕೈಗೆ ಬರುತ್ತವೆ.

ಮೊದಲು ಲೆಕ್ಕ. ಪರದೆಯೆಂದರೆ ಪಿಕ್ಸೆಲ್ ಎಂಬ ಪುಟ್ಟ ಚುಕ್ಕಿಗಳ ಸಾಲು. ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ ಕೂರುತ್ತವೆ ಎಂಬುದೇ ಸಾಂದ್ರತೆ. ತೋಟದ ಆಫೀಸಿನಲ್ಲಿ ಸಾಮಾನ್ಯವಾಗಿದ್ದ 21.5 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ, ಅಂದರೆ 1920 ಅಡ್ಡ, 1080 ಉದ್ದದ ಪರದೆಯಲ್ಲಿ, ಇಂಚಿಗೆ ಸುಮಾರು 102 ಪಿಕ್ಸೆಲ್. ಈಗ ಬರುವ 14 ಇಂಚಿನ, 2880 ಅಡ್ಡ 1800 ಉದ್ದದ ಲ್ಯಾಪ್‌ಟಾಪ್ ಪರದೆಯಲ್ಲಿ ಇಂಚಿಗೆ ಸುಮಾರು 243. ಎರಡೂವರೆ ಪಟ್ಟಿಗೆ ಸ್ವಲ್ಪ ಕಡಿಮೆ. 27 ಇಂಚಿನ 4ಕೆ, ಅಂದರೆ 3840 ಅಡ್ಡ 2160 ಉದ್ದದ ಮಾನಿಟರ್‌ನಲ್ಲಿ 163.

ವಿಂಡೋಸ್ ಬಹಳ ಹಿಂದಿನಿಂದ ಒಂದು ಇಂಚಿಗೆ 96 ಪಿಕ್ಸೆಲ್ ಎಂದು ಗಣಿಸಿಕೊಂಡು ಬಂದಿದೆ. ಮುದ್ರಣದವರ ಅಳತೆಯಲ್ಲಿ ಒಂದು ಇಂಚಿಗೆ 72 ಪಾಯಿಂಟ್. ಹಾಗಾಗಿ 12 ಪಾಯಿಂಟ್ ಅಕ್ಷರಕ್ಕೆ 16 ಪಿಕ್ಸೆಲ್ ಎತ್ತರ ಸಿಗುತ್ತದೆ. ಹಳೆಯ ಮಾನಿಟರ್‌ನಲ್ಲಿ ಈ 16 ಪಿಕ್ಸೆಲ್ ಎಂದರೆ ಸುಮಾರು 4 ಮಿಲಿಮೀಟರ್. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದೇ 16 ಪಿಕ್ಸೆಲ್ ಸುಮಾರು 1.7 ಮಿಲಿಮೀಟರ್. ಸ್ಕೇಲಿಂಗ್, ಅಂದರೆ ಹಿಗ್ಗಿಸುವ ಕೆಲಸ, ಇಲ್ಲದೆ ತೆರೆದರೆ ಅಕ್ಷರ ಅರ್ಧಕ್ಕಿಂತ ಕೆಳಗಿಳಿದಿರುತ್ತದೆ. ಮೂಗು ತಾಗಿಸದೆ ಬೇರೆ ದಾರಿಯಿಲ್ಲ.

ಕನ್ನಡಕ್ಕೆ ಇದು ಇಂಗ್ಲಿಷಿಗಿಂತ ಹೆಚ್ಚು ಕಾಡುತ್ತದೆ ಎಂಬುದನ್ನು ಒತ್ತಿ ಹೇಳಬೇಕು. ಇಂಗ್ಲಿಷ್ ಅಕ್ಷರ ಬಹುಪಾಲು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಹಾಗಲ್ಲ. ಚೆಕ್‌ರೋಲಿನಲ್ಲಿ ‘ಧನಲಕ್ಷ್ಮಿ’ ಎಂಬ ಹೆಸರಿದೆ ಎಂದಿಟ್ಟುಕೊಳ್ಳಿ. ಮೇಲೆ ಗುಡಿಸು, ನಡುವೆ ಕ್ಷ, ಅದರ ಕೆಳಗೆ ಮ ಒತ್ತು, ಎಲ್ಲವೂ ಆ 16 ಪಿಕ್ಸೆಲ್‌ಗಳೊಳಗೆ ಹಿಡಿಯಬೇಕು. ಮೊದಲಕ್ಷರದಲ್ಲಿ ದ ಮತ್ತು ಧ ನಡುವಿನ ವ್ಯತ್ಯಾಸ ಅಡಿಯ ಒಂದು ಸಣ್ಣ ಸೀಳು ಮಾತ್ರ. ಡ–ಢ, ಪ–ಫ, ಬ–ಭ ಕಥೆಯೂ ಅದೇ. ಆ ಸೀಳಿಗೆ ಒಂದೋ ಎರಡೋ ಪಿಕ್ಸೆಲ್ ಸಿಕ್ಕರೆ ಪುಣ್ಯ. ಪರದೆ ಸ್ವಲ್ಪ ಮಸುಕಾದರೂ ಆ ಸೀಳು ಅಕ್ಕಪಕ್ಕದ ಬಣ್ಣದಲ್ಲಿ ಕರಗಿಹೋಗುತ್ತದೆ, ‘ಫಲ’ ‘ಪಲ’ವಾಗಿ ಕಾಣುತ್ತದೆ. ಪ್ರೂಫ್ ನೋಡುವವರಿಗೆ, ಸಂಬಳ ಪಟ್ಟಿಯಲ್ಲಿ ಹೆಸರು ತಾಳೆ ಹಾಕುವವರಿಗೆ ಇದು ಚಿಕ್ಕ ತೊಂದರೆಯಲ್ಲ. ಜುಲೈನಲ್ಲಿ ಹೊರಗೆ ಮಳೆ ಹಿಡಿದು, ನಡುಮಧ್ಯಾಹ್ನವೇ ದೀಪ ಹಾಕಿ ಕೂರುವ ಆಫೀಸಿನಲ್ಲಂತೂ ಕಣ್ಣಿಗೆ ಬೀಳುವ ಶ್ರಮ ಇನ್ನೂ ಹೆಚ್ಚು.

ಮಾಡಬಾರದ ಚಿಕಿತ್ಸೆ

ಅಕ್ಷರ ಚಿಕ್ಕದಾಯಿತು ಎಂದು ದೂರಿದರೆ ಅಂಗಡಿಯವರು ಕೆಲವು ಕಡೆ ತಕ್ಷಣ ಮಾಡುವ ಕೆಲಸವೊಂದಿದೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕಿಗಳ ಸಂಖ್ಯೆ, ಇಳಿಸಿಬಿಡುತ್ತಾರೆ. 2880 ಇದ್ದದ್ದನ್ನು 1920ಕ್ಕೆ ತಂದರೆ ಅಕ್ಷರ ದೊಡ್ಡದಾಗುತ್ತದೆ, ನಿಜ. ಆದರೆ ದಯವಿಟ್ಟು ಇದನ್ನು ಮಾಡಿಸಿಕೊಳ್ಳಬೇಡಿ.

ಎಲ್‌ಸಿಡಿಯಾಗಲಿ ಓಎಲ್‌ಇಡಿಯಾಗಲಿ, ಪರದೆಯ ಪಿಕ್ಸೆಲ್‌ಗಳು ಕಾರ್ಖಾನೆಯಲ್ಲೇ ಎಣಿಸಿ ಕೂರಿಸಿದವು. ಅವು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. 1920 ಚುಕ್ಕಿಗಳ ಚಿತ್ರವನ್ನು 2880 ಚುಕ್ಕಿಗಳ ಮೇಲೆ ಹರಡಬೇಕಾದರೆ ಒಂದೊಂದು ಚುಕ್ಕಿ ಒಂದೂವರೆ ಚುಕ್ಕಿಯಾಗಬೇಕು. ಅರ್ಧ ಚುಕ್ಕಿ ಎಂಬುದು ಪರದೆಯಲ್ಲಿಲ್ಲ. ಆದ್ದರಿಂದ ಅಕ್ಕಪಕ್ಕದ ಬಣ್ಣಗಳನ್ನು ಬೆರೆಸಿ ಅಂದಾಜಿನಲ್ಲಿ ತುಂಬಿಸಲಾಗುತ್ತದೆ. ಫಲವಾಗಿ ಹಳೆಯ ತಂತ್ರಾಂಶ ಮಾತ್ರವಲ್ಲ, ಚೆನ್ನಾಗಿ ಕಾಣುತ್ತಿದ್ದ ಬ್ರೌಸರ್, ವರ್ಡ್, ಫೋಟೊಗಳೂ ಮಸುಕಾಗುತ್ತವೆ. ಒಳ್ಳೆಯ ಪರದೆಗೆ ಕೊಟ್ಟ ದುಡ್ಡು ನೀರುಪಾಲು. ದಪ್ಪ ಗಾಜಿನ ಹಳೆಯ ಸಿಆರ್‌ಟಿ ಮಾನಿಟರುಗಳಲ್ಲಿ ಇಂಥ ಬಿಗಿಯಾದ ಚುಕ್ಕಿ ಸಾಲು ಇರಲಿಲ್ಲ. ಅಲ್ಲಿ ರೆಸಲ್ಯೂಷನ್ ಇಳಿಸಿದರೂ ಚಿತ್ರ ಅಷ್ಟು ಕೆಡುತ್ತಿರಲಿಲ್ಲ. ಆ ಕಾಲದ ರೂಢಿ ಈಗಲೂ ಕೈಯಲ್ಲಿ ಉಳಿದಿದೆ, ಅಷ್ಟೆ.

ರೆಸಲ್ಯೂಷನ್ ಯಾವತ್ತೂ ‘ರೆಕಮೆಂಡೆಡ್’ ಎಂದು ಬರೆದಿರುವ ಮೇಲಿನ ಅಂಕಿಯಲ್ಲೇ ಇರಲಿ. ಗಾತ್ರ ಬದಲಿಸಬೇಕಾದ್ದು ಅದರ ಪಕ್ಕದಲ್ಲಿರುವ ‘ಸ್ಕೇಲ್’ ಎಂಬಲ್ಲಿ.

ಸ್ಕೇಲ್ ಎಂದರೆ ಏನಾಗುತ್ತದೆ

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂದು ಹೋದರೆ ಸ್ಕೇಲ್ ಸಿಗುತ್ತದೆ. ಅಲ್ಲಿ 100, 125, 150, 175, 200 ಹೀಗೆ ಶೇಕಡಾವಾರು ಅಂಕಿಗಳಿರುತ್ತವೆ. ಶೇ 200 ಎಂದು ಆರಿಸಿದರೆ ವಿಂಡೋಸ್ ಎಲ್ಲ ತಂತ್ರಾಂಶಗಳಿಗೂ ಒಂದು ಸುದ್ದಿ ಮುಟ್ಟಿಸುತ್ತದೆ: ಇನ್ನು ಮೇಲೆ ಇಂಚಿಗೆ 96 ಅಲ್ಲ, 192 ಪಿಕ್ಸೆಲ್ ಎಂದು ಲೆಕ್ಕ ಹಾಕಿ. ಮಾತು ಕೇಳುವ ತಂತ್ರಾಂಶ 12 ಪಾಯಿಂಟ್ ಅಕ್ಷರವನ್ನು 32 ಪಿಕ್ಸೆಲ್ ಎತ್ತರದಲ್ಲಿ ಹೊಸದಾಗಿ ಬಿಡಿಸುತ್ತದೆ. ಎತ್ತರ 3.3 ಮಿಲಿಮೀಟರಿಗೆ ಬರುತ್ತದೆ, ಲ್ಯಾಪ್‌ಟಾಪನ್ನು ಮಾನಿಟರಿಗಿಂತ ಹತ್ತಿರ ಇಟ್ಟುಕೊಂಡು ನೋಡುವುದರಿಂದ ಅದು ಸಾಕಾಗುತ್ತದೆ. ಜೊತೆಗೆ ಒಂದು ಅಕ್ಷರಕ್ಕೆ ಮೊದಲಿಗಿಂತ ನಾಲ್ಕು ಪಟ್ಟು ಚುಕ್ಕಿಗಳು ಸಿಕ್ಕಿರುತ್ತವೆ. ಧ ಅಡಿಯ ಸೀಳು, ಕ್ಷ್ಮಿಯ ಒತ್ತು, ಅರ್ಕಾವೊತ್ತಿನ ಬಾಗು ಎಲ್ಲವೂ ಅಚ್ಚು ಹಾಕಿದ ಪುಸ್ತಕದ ಹತ್ತಿರಕ್ಕೆ ಬರುತ್ತವೆ. ಹೆಚ್ಚು ಸಾಂದ್ರತೆಯ ಪರದೆಯಿಂದ ಕನ್ನಡಕ್ಕೆ ಆಗುವ ನಿಜವಾದ ಲಾಭ ಇದು. ಅರ್ಧ ಮೀಟರ್ ದೂರದಿಂದ ನೋಡುವಾಗ ಸಾಮಾನ್ಯ ದೃಷ್ಟಿಗೆ ಇಂಚಿಗೆ ಸುಮಾರು 175 ದಾಟಿದರೆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದು ನಿಲ್ಲುತ್ತದೆ. 243ರ ಪರದೆ ಅದನ್ನು ಆರಾಮವಾಗಿ ದಾಟಿರುತ್ತದೆ.

ಇಷ್ಟೆಲ್ಲ ಸಾಧ್ಯವಾಗುವುದು ತಂತ್ರಾಂಶ ಆ ಸುದ್ದಿಯನ್ನು ಕೇಳಿಸಿಕೊಂಡರೆ. ಹಳೆಯವು ಕೇಳಿಸಿಕೊಳ್ಳುವುದಿಲ್ಲ. ಅವನ್ನು ಬರೆದ ಕಾಲದಲ್ಲಿ ಎಲ್ಲ ಪರದೆಗಳೂ 96ರ ಆಸುಪಾಸಿನಲ್ಲಿದ್ದವು, ಹಾಗಾಗಿ ಬರೆದವರು ಗುಂಡಿ ಇಷ್ಟು ಪಿಕ್ಸೆಲ್, ಪೆಟ್ಟಿಗೆ ಇಷ್ಟು ಪಿಕ್ಸೆಲ್ ಎಂದು ಒಳಗೇ ಬರೆದಿಟ್ಟರು. ಅವರನ್ನು ದೂರುವಂತಿಲ್ಲ.

ಇಂಥವುಗಳಿಗಾಗಿ 2007ರಲ್ಲಿ ಬಂದ ವಿಂಡೋಸ್ ವಿಸ್ಟಾ ಒಂದು ಉಪಾಯ ಮಾಡಿತು. ‘ನನಗೆ ಸ್ಕೇಲಿಂಗ್ ಗೊತ್ತು’ ಎಂದು ಹೇಳಿಕೊಳ್ಳದ ತಂತ್ರಾಂಶಕ್ಕೆ ವಿಂಡೋಸ್ ‘ನೀನು 96ರ ಪರದೆಯಲ್ಲೇ ಇದ್ದೀಯ’ ಎಂದು ನಂಬಿಸುತ್ತದೆ. ತಂತ್ರಾಂಶ ತನ್ನ ಪಾಡಿಗೆ ಚಿಕ್ಕದಾಗಿ ಚಿತ್ರ ಬಿಡಿಸುತ್ತದೆ. ವಿಂಡೋಸ್ ಆ ಚಿತ್ರವನ್ನು ಎತ್ತಿಕೊಂಡು ಹಿಗ್ಗಿಸಿ ಪರದೆಗೆ ಹಾಕುತ್ತದೆ. ಚಿಕ್ಕ ಮದುವೆ ಕಾಗದವನ್ನು ಜೆರಾಕ್ಸ್ ಯಂತ್ರದಲ್ಲಿ ಇಮ್ಮಡಿ ಮಾಡಿದರೆ ಏನಾಗುತ್ತದೆಯೋ ಇಲ್ಲಿ ಆಗುವುದೂ ಅದೇ. ಗಾತ್ರ ಸಿಗುತ್ತದೆ, ಅಂಚು ಕೆಡುತ್ತದೆ. ನಿಮ್ಮ ಚೆಕ್‌ರೋಲ್ ಮಸುಕಾಗಿರುವುದಕ್ಕೆ ಕಾರಣ ಇದು.

ಇನ್ನು ಚಿಕ್ಕದಾಗಿ ಕಾಣುವವು? ಅವು ‘ನನಗೆ ಗೊತ್ತು’ ಎಂದು ಹೇಳಿಕೊಂಡು ಕೆಲಸ ಮಾಡದವು. ವಿಂಡೋಸ್ ಅವುಗಳ ಮಾತು ನಂಬಿ ಕೈ ಹಾಕುವುದಿಲ್ಲ, ಅವೂ ಹಿಗ್ಗುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಜಾವಾ ಎಂಬ ವೇದಿಕೆಯ 8ನೇ ಆವೃತ್ತಿಯ ಮೇಲೆ ಓಡುವ ಉಪಕರಣಗಳು. ಜಾವಾದಲ್ಲಿ ವಿಂಡೋಸ್ ಮತ್ತು ಲಿನಕ್ಸ್‌ಗೆ ಸರಿಯಾದ ಸ್ಕೇಲಿಂಗ್ ಬಂದದ್ದು 2017ರ ಜಾವಾ 9ರಿಂದ. ಅದಕ್ಕಿಂತ ಹಳೆಯದರ ಮೇಲೆ ನಿಂತ ತಂತ್ರಾಂಶ ಹೊಸ ಲ್ಯಾಪ್‌ಟಾಪ್‌ನಲ್ಲಿ ಅಂಚುಗಳು ಸ್ಪಷ್ಟವಾಗಿದ್ದೂ ಓದಲಾರದಷ್ಟು ಚಿಕ್ಕದಾಗಿ ತೆರೆದುಕೊಳ್ಳುತ್ತದೆ.

ಮೂರನೆಯ ಬಗೆಯವೂ ಇವೆ, ಇವು ಎಲ್ಲಕ್ಕಿಂತ ತಲೆನೋವು. ಅಕ್ಷರವನ್ನು ಪಾಯಿಂಟ್ ಲೆಕ್ಕದಲ್ಲಿ, ಪೆಟ್ಟಿಗೆಯನ್ನು ಪಿಕ್ಸೆಲ್ ಲೆಕ್ಕದಲ್ಲಿ ಬರೆದಿರುತ್ತಾರೆ. ಸ್ಕೇಲ್ ಏರಿಸಿದಾಗ ಅಕ್ಷರ ಹಿಗ್ಗುತ್ತದೆ, ಪೆಟ್ಟಿಗೆ ಹಾಗೇ ಉಳಿಯುತ್ತದೆ. ಇಂಗ್ಲಿಷಿನಲ್ಲಾದರೆ ಹೇಗೋ ತುರುಕಿಕೊಳ್ಳುತ್ತದೆ. ಕನ್ನಡದಲ್ಲಿ ಕೆಳಗಿನ ಒತ್ತು ಪೂರ್ತಿ ಕತ್ತರಿಸಿಹೋಗುತ್ತದೆ. ‘ಅಮ್ಮಣ್ಣಿ’ ‘ಅಮಣಿ’ಯಾಗುತ್ತಾಳೆ.

ಒಂದು ತಂತ್ರಾಂಶ ಯಾವ ಬಗೆಯದು ಎಂದು ಊಹಿಸುತ್ತ ಕೂರಬೇಕಿಲ್ಲ, ವಿಂಡೋಸನ್ನೇ ಕೇಳಬಹುದು. ಟಾಸ್ಕ್ ಮ್ಯಾನೇಜರ್ ತೆರೆದು ಡೀಟೇಲ್ಸ್‌ಗೆ ಹೋಗಿ, ಮೇಲಿನ ತಲೆಬರಹದ ಸಾಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಸೆಲೆಕ್ಟ್ ಕಾಲಮ್ಸ್‌ನಲ್ಲಿ ‘ಡಿಪಿಐ ಅವೇರ್‌ನೆಸ್’ (ಡಿಪಿಐ ಎಂದರೆ ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಎಂಬುದಕ್ಕೆ ಗುರುತು ಹಾಕಿ. ಪ್ರತಿ ತಂತ್ರಾಂಶದ ಎದುರು ಒಂದು ಪದ ಬರುತ್ತದೆ. ‘ಅನ್‌ಅವೇರ್’ ಎಂದಿದ್ದರೆ ಅದಕ್ಕೆ ಏನೂ ಗೊತ್ತಿಲ್ಲ, ಹಿಗ್ಗಿಸುತ್ತಿರುವುದು ವಿಂಡೋಸ್. ‘ಸಿಸ್ಟಮ್’ ಎಂದಿದ್ದರೆ ಮುಖ್ಯ ಪರದೆಯ ಅಳತೆಯನ್ನು ಒಮ್ಮೆ ಕೇಳಿಕೊಂಡು ಅದನ್ನೇ ಹಿಡಿದು ಕೂರುತ್ತದೆ. ‘ಪರ್ ಮಾನಿಟರ್’ ಎಂದಿದ್ದರೆ ಯಾವ ಪರದೆಗೆ ಹೋದರೂ ಅಲ್ಲಿನ ಅಳತೆ ತಿಳಿಯುತ್ತದೆ. ಈ ಸೌಲಭ್ಯ ಬಂದದ್ದು 2013ರ ವಿಂಡೋಸ್ 8.1ರಲ್ಲಿ, 2017ರಲ್ಲಿ ವಿಂಡೋಸ್ 10ರ ಒಂದು ಅಪ್‌ಡೇಟ್‌ನೊಂದಿಗೆ ಅದರ ಸುಧಾರಿತ ಎರಡನೆಯ ಆವೃತ್ತಿ ಬಂತು. ನಿಮ್ಮ ಬ್ರೌಸರ್ ಮತ್ತು ಚೆಕ್‌ರೋಲ್ ಎರಡನ್ನೂ ತೆರೆದಿಟ್ಟು ಈ ಕಾಲಮ್ ನೋಡಿದರೆ, ಒಂದೇ ಪರದೆಯಲ್ಲಿ ಒಂದು ಸ್ಪಷ್ಟ ಒಂದು ಮಸುಕು ಏಕೆ ಎಂಬುದಕ್ಕೆ ಉತ್ತರ ಕಣ್ಣೆದುರೇ ಸಿಗುತ್ತದೆ.

ಯಾವ ಅಂಕಿ ಆರಿಸಬೇಕು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವಿಂಡೋಸ್ ತಾನೇ ಸೂಚಿಸುವ ಅಂಕಿಯಿಂದ ಶುರು ಮಾಡಿ, ಎರಡು ದಿನ ಬಳಸಿ, ಬೇಕಾದರೆ ಒಂದು ಮೆಟ್ಟಿಲು ಮೇಲೆ ಅಥವಾ ಕೆಳಗೆ ಹೋಗಿ. 21.5 ಅಥವಾ 24 ಇಂಚಿನ ಫುಲ್ ಎಚ್‌ಡಿಗೆ 100 ಸಾಕು. 15.6 ಇಂಚಿನ ಫುಲ್ ಎಚ್‌ಡಿ ಲ್ಯಾಪ್‌ಟಾಪ್‌ಗೆ 125. 27 ಇಂಚಿನ 4ಕೆಗೆ 150. ಮೇಲೆ ಹೇಳಿದ 14 ಇಂಚಿನ ಪರದೆಗೆ 200.

ಒಂದು ಎಚ್ಚರಿಕೆ ಹೋಮ್‌ಸ್ಟೇ ನಡೆಸುವವರಿಗೆ ಮತ್ತು ಟಿವಿಯನ್ನೇ ಮಾನಿಟರ್ ಮಾಡಿಕೊಂಡವರಿಗೆ. 43 ಇಂಚಿನ 4ಕೆ ಟಿವಿಯ ಸಾಂದ್ರತೆ ಇಂಚಿಗೆ ಸುಮಾರು 102, ಅಂದರೆ ಹಳೆಯ ಮಾನಿಟರಿನದೇ. ಟಿವಿ ಎಂದರೆ ದೂರ ಕೂತು ನೋಡುವವರು ಎಂದು ಭಾವಿಸಿ ವಿಂಡೋಸ್ ಶೇ 300ರಂಥ ದೊಡ್ಡ ಅಂಕಿ ಸೂಚಿಸುವುದುಂಟು. ಮೇಜಿನ ಮೇಲಿಟ್ಟು ಬುಕಿಂಗ್ ನೋಡಿಕೊಳ್ಳುವವರು 100ಕ್ಕೋ 125ಕ್ಕೋ ಇಳಿಸಿಕೊಳ್ಳಿ. ಗೋಡೆಗೆ ಹಾಕಿ ಸೋಫಾದಿಂದ ನೋಡುವುದಾದರೆ ಸೂಚಿಸಿದ್ದೇ ಇರಲಿ.

‘ಕಸ್ಟಮ್ ಸ್ಕೇಲಿಂಗ್’ ಎಂಬಲ್ಲಿ 100ರಿಂದ 500ರವರೆಗೆ ಯಾವ ಅಂಕಿಯನ್ನಾದರೂ ಬರೆಯಬಹುದು. 137 ಎಂದೂ ಹಾಕಬಹುದು. ನನ್ನ ಅಭಿಪ್ರಾಯದಲ್ಲಿ ಅದರ ಹತ್ತಿರ ಹೋಗದಿರುವುದೇ ಒಳ್ಳೆಯದು. ಅದು ಜೋಡಿಸಿದ ಎಲ್ಲ ಪರದೆಗಳಿಗೂ ಒಂದೇ ಅಂಕಿಯನ್ನು ಹೇರುತ್ತದೆ, ಮತ್ತು ಒಂದು ಪಿಕ್ಸೆಲ್ ಗೆರೆ 1.37 ಪಿಕ್ಸೆಲ್ ಆಗಬೇಕಾದಾಗ ತಂತ್ರಾಂಶಗಳು ಒಂದೊಂದು ಕಡೆ ಒಂದೊಂದು ರೀತಿ ಪೂರ್ಣಾಂಕಕ್ಕೆ ತರುತ್ತವೆ. ಕೋಷ್ಟಕದ ಗೆರೆ ಒಂದು ದಪ್ಪ, ಒಂದು ತೆಳು. ಅಕ್ಷರ ಮಾತ್ರ ದೊಡ್ಡದಾದರೆ ಸಾಕು ಎನ್ನುವ ಹಿರಿಯರಿಗೆ ಬೇರೆ ದಾರಿಯಿದೆ. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ‘ಟೆಕ್ಸ್ಟ್ ಸೈಜ್’ ಶೇ 225ರವರೆಗೆ ಏರುತ್ತದೆ. ಮೆನು, ಫೈಲ್ ಹೆಸರು ಇಂಥವು ದೊಡ್ಡದಾಗುತ್ತವೆ. ಹಳೆಯ ತಂತ್ರಾಂಶಗಳು ಇದಕ್ಕೆ ಕಿವಿಗೊಡುವುದು ಅಪರೂಪ.

ಸ್ಕೇಲ್ ಬದಲಿಸಿದ ಮೇಲೆ ಒಮ್ಮೆ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಬಹಳಷ್ಟು ತಂತ್ರಾಂಶಗಳು ಸೈನ್ ಇನ್ ಆದಾಗಿನ ಅಳತೆಯನ್ನೇ ಹಿಡಿದುಕೊಂಡಿರುತ್ತವೆ. ಬದಲಿಸಿದ ತಕ್ಷಣ ನೋಡಿ, ಸರಿಯಾಗಲಿಲ್ಲ ಎಂದು ಕೈಬಿಡುವವರು ಬಹಳ.

ಒಂದೊಂದು ತಂತ್ರಾಂಶಕ್ಕೆ ಒಂದೊಂದು ತೀರ್ಮಾನ

ಈಗ ಮುಖ್ಯ ವಿಷಯ. ಇಡೀ ಕಂಪ್ಯೂಟರಿಗೆ ಶೇ 200 ಇಟ್ಟು, ತೊಂದರೆ ಕೊಡುವ ತಂತ್ರಾಂಶಕ್ಕೆ ಮಾತ್ರ ಬೇರೆ ನಿಯಮ ಹಾಕಬಹುದು. ಆ ತಂತ್ರಾಂಶದ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್, ಅಲ್ಲಿ ಕಂಪ್ಯಾಟಿಬಿಲಿಟಿ, ಅಲ್ಲಿ ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’. ಕೆಳಗೆ ‘ಓವರ್‌ರೈಡ್’ ಎಂದು ಶುರುವಾಗುವ ಸಾಲಿಗೆ ಗುರುತು ಹಾಕಿದರೆ ಮೂರು ಆಯ್ಕೆ ತೆರೆಯುತ್ತವೆ: ಅಪ್ಲಿಕೇಷನ್, ಸಿಸ್ಟಮ್, ಸಿಸ್ಟಮ್ ಎನ್‌ಹ್ಯಾನ್ಸ್ಡ್. ಹಿಗ್ಗಿಸುವ ಕೆಲಸ ಯಾರದು ಎಂಬ ಪ್ರಶ್ನೆಗೆ ಇಲ್ಲಿ ನೀವೇ ಉತ್ತರ ಕೊಡುತ್ತೀರಿ.

ಅಪ್ಲಿಕೇಷನ್ ಎಂದರೆ ತಂತ್ರಾಂಶವೇ ನೋಡಿಕೊಳ್ಳಲಿ, ವಿಂಡೋಸ್ ಕೈ ಹಾಕುವುದು ಬೇಡ. ಸಿಸ್ಟಮ್ ಎಂದರೆ ವಿಂಡೋಸ್ ಚಿತ್ರವನ್ನು ಹಿಗ್ಗಿಸಲಿ, ಮಸುಕಾದರೂ ಪರವಾಗಿಲ್ಲ. ಎನ್‌ಹ್ಯಾನ್ಸ್ಡ್ ಎಂಬುದು 2017ರಲ್ಲಿ ಸೇರಿದ್ದು, ಜಾಣತನದ ಆಯ್ಕೆ. ಹಳೆಯ ತಂತ್ರಾಂಶಗಳು ಅಕ್ಷರ, ಗೆರೆ ಬಿಡಿಸಲು ವಿಂಡೋಸಿನ ಜಿಡಿಐ ಎಂಬ ವ್ಯವಸ್ಥೆಯನ್ನು ಕರೆಯುತ್ತವೆ. ‘ಇಲ್ಲಿ ಈ ಅಕ್ಷರ ಬರೆ’ ಎಂಬ ಆ ಕರೆಯನ್ನು ವಿಂಡೋಸ್ ನಡುವೆ ಹಿಡಿದು, ಅದನ್ನೇ ದೊಡ್ಡ ಅಳತೆಯಲ್ಲಿ ಬರೆಯುತ್ತದೆ. ಹೀಗಾಗಿ ತಂತ್ರಾಂಶಕ್ಕೆ ಗೊತ್ತಿಲ್ಲದೆಯೇ ಅದರ ಅಕ್ಷರ ಸ್ಪಷ್ಟವಾಗುತ್ತದೆ. ಒಳಗಿನ ಚಿತ್ರ, ಐಕಾನುಗಳು ಮಾತ್ರ ಮಸುಕಾಗಿಯೇ ಉಳಿಯುತ್ತವೆ.

ಚೆಕ್‌ರೋಲ್, ಬಿಲ್ಲಿಂಗ್, ಕಾಫಿ ಸಂಗ್ರಹದ ಲೆಕ್ಕ ಇಂಥ ಊರಿನ ಮಟ್ಟದಲ್ಲಿ ಬರೆಸಿಕೊಂಡ ತಂತ್ರಾಂಶಗಳಿಗೆ ನಾನು ಮೊದಲು ಹೇಳುವುದು ಎನ್‌ಹ್ಯಾನ್ಸ್ಡ್. ಅವುಗಳಲ್ಲಿ ಹೆಚ್ಚಿನವು 1998ರ ವಿಷುವಲ್ ಬೇಸಿಕ್ 6ರಂಥ ಸಲಕರಣೆಯಲ್ಲಿ ಹುಟ್ಟಿದವು. ಇರುವುದೆಲ್ಲ ಅಕ್ಷರ, ಅಂಕಿ, ಗೆರೆ. ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಎಷ್ಟು ಚೀಲ, ಹಣ್ಣಾಗಿಯೇ ಒಣಗಿಸಿದ ಚೆರ್ರಿ ಎಷ್ಟು ಚೀಲ ಎಂಬ ಅಂಕಣಗಳು ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗುತ್ತವೆ. ಎಲ್ಲಾದರೂ ಒತ್ತು ಕತ್ತರಿಸಿದರೆ, ಗುಂಡಿಯ ಮೇಲೆ ಗುಂಡಿ ಬಂದರೆ ಆಗ ಸಿಸ್ಟಮ್‌ಗೆ ಇಳಿಯಿರಿ. ಮಸುಕು ಬರುತ್ತದೆ, ಆದರೆ ಹಳೆಯ ಕಂಪ್ಯೂಟರಿನಲ್ಲಿದ್ದ ಅಚ್ಚಿನಲ್ಲೇ ಇರುತ್ತದೆ, ಯಾವ ಹೆಸರೂ ಕತ್ತರಿಸುವುದಿಲ್ಲ. ಕೂಲಿ ಲೆಕ್ಕದಲ್ಲಿ ಅಂದಕ್ಕಿಂತ ಹೆಸರು ಪೂರ್ತಿ ಕಾಣುವುದು ಮುಖ್ಯ. ಜಾವಾ 8ರ ಉಪಕರಣಗಳಿಗೂ ಸಿಸ್ಟಮ್ ಆಯ್ಕೆಯೇ. ಆದರೆ ಅಲ್ಲಿ ಗುರುತು ಹಾಕಬೇಕಾದ್ದು ಉಪಕರಣದ ಶಾರ್ಟ್‌ಕಟ್‌ಗೆ ಅಲ್ಲ, ಅದನ್ನು ಓಡಿಸುವ ಜಾವಾದ ಮೂಲ ಫೈಲಿಗೆ, ಅಂದರೆ ಜಾವಾ ಫೋಲ್ಡರಿನ ಒಳಗಿನ ‘ಜಾವಾಡಬ್ಲ್ಯು’ ಎಂಬುದಕ್ಕೆ.

ಡಿಟಿಪಿಯವರ ವಿಷಯ ಬೇರೆ. ಪುಟ ಜೋಡಿಸುವ ತಂತ್ರಾಂಶ ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳ ಜೊತೆ ಅದನ್ನು ಬಿಡದೆ ಬಳಸುವ ಕೈಗಳು ಇನ್ನೂ ಇವೆ, ಅವರ ವೇಗಕ್ಕೆ ನಾನು ತಲೆಬಾಗುತ್ತೇನೆ. ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರಸಂಕೇತಕ್ಕೆ ಸೇರದ ಆ ಫಾಂಟುಗಳಲ್ಲಿ ಒಂದು ಕನ್ನಡ ಅಕ್ಷರ ಹಲವು ತುಂಡುಗಳಿಂದ ಕೂಡಿರುತ್ತದೆ: ಮೂಲಾಕ್ಷರ ಒಂದು ತುಂಡು, ಕೊಂಬು ಒಂದು, ಒತ್ತು ಒಂದು. ಪ್ರತಿ ತುಂಡಿನ ಅಗಲವನ್ನೂ ಪೂರ್ಣ ಪಿಕ್ಸೆಲ್‌ಗೆ ತಂದಾಗ ತುಂಡುಗಳು ಕೂಡುವ ಜಾಗದಲ್ಲಿ ಕೂದಲೆಳೆಯ ಬಿರುಕು ಕಾಣಬಹುದು, ಅಥವಾ ಒಂದರ ಮೇಲೊಂದು ಏರಬಹುದು. ಅದನ್ನು ಕಂಡು ಕರ್ನಿಂಗ್ (ಅಕ್ಷರಗಳ ನಡುವಿನ ಅಂತರ) ತಿದ್ದಲು ಹೋಗಬೇಡಿ. ಸ್ಕೇಲಿಂಗ್ ಪರದೆಗೆ ಮಾತ್ರ ಸಂಬಂಧಿಸಿದ್ದು. ಇಂಚಿಗೆ 600 ಅಥವಾ 1200 ಚುಕ್ಕಿಯಲ್ಲಿ ಅಚ್ಚಾಗುವ ಕಾಗದದ ಮೇಲೆ ಆ ಬಿರುಕು ಬರುವುದಿಲ್ಲ. ಅನುಮಾನವಿದ್ದರೆ ಪುಟವನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ಅಲ್ಲಿ ಕಾಣದ ಬಿರುಕು ಅಚ್ಚಿನಲ್ಲೂ ಇರುವುದಿಲ್ಲ. ಇಲ್ಲೂ ಎನ್‌ಹ್ಯಾನ್ಸ್ಡ್ ಮೊದಲು ಪ್ರಯತ್ನಿಸಿ, ಪುಟದ ಚೌಕಟ್ಟು ಅಲುಗಾಡಿದರೆ ಸಿಸ್ಟಮ್.

ಸಿಸಿಟಿವಿ ನೋಡುವ ತಂತ್ರಾಂಶದಲ್ಲಿ ನನ್ನ ಸಲಹೆ ಇದಕ್ಕೆ ತದ್ವಿರುದ್ಧ, ಮತ್ತು ಇಲ್ಲಿ ತಪ್ಪಿದರೆ ನಷ್ಟ ದೊಡ್ಡದು. ಕಣದಲ್ಲಿ ಕಾಫಿ ಹರಡಿರುವ ದಿನಗಳಲ್ಲಿ ಗೇಟಿನ ಕ್ಯಾಮೆರಾವನ್ನು ಎಷ್ಟು ಜನ ನಂಬಿರುತ್ತಾರೆ ಎಂಬುದು ತೋಟ ಇರುವವರಿಗೆ ಗೊತ್ತು. ಆ ತಂತ್ರಾಂಶಕ್ಕೆ ಸಿಸ್ಟಮ್ ಎಂದು ಇಟ್ಟರೆ ವಿಂಡೋಸ್ ಅದಕ್ಕೆ ಶೇ 200ರಲ್ಲಿ ‘ನಿನ್ನ ಪರದೆ 1440 ಅಡ್ಡ, 900 ಉದ್ದ’ ಎಂದು ಹೇಳುತ್ತದೆ. ಕ್ಯಾಮೆರಾದಿಂದ 1920 ಪಿಕ್ಸೆಲ್ ಅಗಲದ ಚಿತ್ರ ಬಂದರೂ ತಂತ್ರಾಂಶ ಅದನ್ನು 1440ಕ್ಕೆ ಕುಗ್ಗಿಸುತ್ತದೆ, ಆಮೇಲೆ ವಿಂಡೋಸ್ ಅದನ್ನೇ 2880ಕ್ಕೆ ಹಿಗ್ಗಿಸುತ್ತದೆ. ನಡುವೆ ಕಳೆದುಹೋದ ವಿವರ ಮತ್ತೆ ಬರುವುದಿಲ್ಲ. ಗೇಟಿನಲ್ಲಿ ನಿಂತ ಜೀಪಿನ ಮೇಲೆ ಕೆಎ 12 ಎಂದಿದೆಯೋ ಕೆಎ 13 ಎಂದಿದೆಯೋ ಎಂಬುದು ಆ ಕಳೆದುಹೋದ ಪಿಕ್ಸೆಲ್‌ಗಳಲ್ಲೇ ಇರಬಹುದು. ಎನ್‌ಹ್ಯಾನ್ಸ್ಡ್ ಕೂಡ ಇಲ್ಲಿ ಉಪಯೋಗಕ್ಕಿಲ್ಲ, ಏಕೆಂದರೆ ವಿಡಿಯೊ ಜಿಡಿಐ ದಾರಿಯಲ್ಲಿ ಬರುವುದಿಲ್ಲ. ಹಾಗಾಗಿ ಅಪ್ಲಿಕೇಷನ್ ಎಂದೇ ಇಡಿ. ಮೆನುವಿನ ಅಕ್ಷರ ಚಿಕ್ಕದಾಗುತ್ತದೆ, ಆದರೆ ಮೆನು ಎಲ್ಲಿದೆ ಎಂದು ಒಂದು ವಾರದಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಫೋಟೊ ತಿದ್ದುವ ಹಳೆಯ ತಂತ್ರಾಂಶಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಎರಡು ಪರದೆ, ದೂರದ ಪರದೆ

ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ಮಾನಿಟರನ್ನೇ ಜೋಡಿಸಿಕೊಂಡವರು ಅನೇಕ. ಲ್ಯಾಪ್‌ಟಾಪ್ ಶೇ 200, ಮಾನಿಟರ್ ಶೇ 100. ಪರ್ ಮಾನಿಟರ್ ತಂತ್ರಾಂಶವನ್ನು ಒಂದರಿಂದ ಇನ್ನೊಂದಕ್ಕೆ ಎಳೆದರೆ ಅದು ದಾಟಿದ ಕೂಡಲೇ ತನ್ನನ್ನು ಹೊಸ ಅಳತೆಗೆ ಬಿಡಿಸಿಕೊಳ್ಳುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಸಿಸ್ಟಮ್’ ಎಂದು ತೋರುವ ಬಗೆಯದು ಮಾತ್ರ ಮುಖ್ಯ ಪರದೆಯಲ್ಲಿ ಸ್ಪಷ್ಟ, ಇನ್ನೊಂದರಲ್ಲಿ ಮಸುಕು. ದಿನವಿಡೀ ಯಾವ ಪರದೆಯಲ್ಲಿ ಕೆಲಸವೋ ಅದನ್ನು ಮುಖ್ಯ ಪರದೆ ಮಾಡಿ, ಮಾನಿಟರ್ ಜೋಡಿಸಿದ ಮೇಲೆ ಸೈನ್ ಔಟ್ ಮಾಡಿ ಬನ್ನಿ. ವರ್ಡ್ ಮತ್ತು ಎಕ್ಸೆಲ್‌ನಲ್ಲಿ ಎರಡು ಪರದೆಯ ತೊಂದರೆ ಬಂದರೆ ಆಪ್ಷನ್ಸ್‌ನ ಜನರಲ್ ವಿಭಾಗದಲ್ಲಿ ಬಹುಪರದೆಗಳಿಗಾಗಿ ‘ಬೆಸ್ಟ್ ಅಪಿಯರೆನ್ಸ್’ ಮತ್ತು ‘ಕಂಪ್ಯಾಟಿಬಿಲಿಟಿ’ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಇರಲಿ, ಹಳೆಯ ಆ್ಯಡ್-ಇನ್ (ಮೇಲಿಂದ ಸೇರಿಸಿಕೊಂಡ ಸೌಲಭ್ಯ) ಕೆಟ್ಟದಾಗಿ ವರ್ತಿಸಿದರೆ ಮಾತ್ರ ಎರಡನೆಯದು.

ಮಗ ಬೆಂಗಳೂರಿನಲ್ಲಿ, ಲೆಕ್ಕದ ಕಂಪ್ಯೂಟರ್ ಸಿದ್ದಾಪುರದಲ್ಲಿ, ತಿಂಗಳ ಕೊನೆಗೆ ದೂರದಿಂದಲೇ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಳಗೆ ಬಂದು ಲೆಕ್ಕ ಮುಗಿಸುತ್ತಾನೆ. ಮರುದಿನ ಬೆಳಿಗ್ಗೆ ತಂದೆ ಕೂತರೆ ಎಲ್ಲ ಕಿಟಕಿಗಳ ಅಳತೆ ಏರುಪೇರು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ನೋಡುವವನ ಪರದೆಯ ಸ್ಕೇಲನ್ನು ಜೊತೆಗೆ ಒಯ್ಯುತ್ತದೆ. ತೆರೆದೇ ಉಳಿದ ತಂತ್ರಾಂಶಗಳು ಬೆಂಗಳೂರಿನ ಪರದೆಯ ಅಳತೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಮಗ ಡಿಸ್‌ಕನೆಕ್ಟ್ ಒತ್ತಿ ಬಿಡದೆ, ತಂತ್ರಾಂಶ ಮುಚ್ಚಿ ಸೈನ್ ಔಟ್ ಮಾಡಿದರೆ ಈ ಗಲಾಟೆ ಇರುವುದಿಲ್ಲ.

ಮ್ಯಾಕ್ ಬಳಸುವವರಿಗೆ ಇಷ್ಟೆಲ್ಲ ಬೇಕಿಲ್ಲ. 2012ರಲ್ಲಿ ರೆಟಿನಾ ಎಂಬ ಹೆಚ್ಚು ಸಾಂದ್ರತೆಯ ಪರದೆಯ ಮ್ಯಾಕ್‌ಬುಕ್ ಪ್ರೊ ತಂದಾಗಲೇ ಆ್ಯಪಲ್ ಎಲ್ಲವನ್ನೂ ಸರಿಯಾಗಿ ಇಮ್ಮಡಿ ಬಿಡಿಸುವ ನಿಯಮ ಹಿಡಿಯಿತು. ನಡುವಿನ ಗಾತ್ರ ಬೇಕಾದರೆ ಮೊದಲು ಇಮ್ಮಡಿ ಬಿಡಿಸಿ ಆಮೇಲೆ ಕುಗ್ಗಿಸುತ್ತದೆ. ‘ಲಾರ್ಜರ್ ಟೆಕ್ಸ್ಟ್’ನಿಂದ ‘ಮೋರ್ ಸ್ಪೇಸ್’ವರೆಗೆ ನಿಮಗೆ ಒಪ್ಪುವುದನ್ನು ಆರಿಸಿದರೆ ಮುಗಿಯಿತು.

ಲಿನಕ್ಸ್‌ನಲ್ಲಿ ಶೇ 200 ಇಟ್ಟರೆ ಬಹುತೇಕ ಎಲ್ಲವೂ ಸರಿ. 125, 150 ಇಟ್ಟಾಗ ತೊಡಕು ಬರುತ್ತದೆ. ಗ್ನೋಮ್ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯಲ್ಲಿ 2019ರಿಂದ, ಪರದೆಗೆ ಚಿತ್ರ ಮುಟ್ಟಿಸುವ ವೇಲ್ಯಾಂಡ್ ಜೊತೆ ಭಿನ್ನಾಂಕದ ಸ್ಕೇಲಿಂಗ್ ಪ್ರಾಯೋಗಿಕವಾಗಿ ಬಂತು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್‌ನಲ್ಲೇ ಅದರ ಗುಂಡಿ ಇದೆ. ಹಳೆಯ ಎಕ್ಸ್ 11 ವ್ಯವಸ್ಥೆಗೆ ಬರೆದ ತಂತ್ರಾಂಶಗಳು ವೇಲ್ಯಾಂಡ್ ಒಳಗೆ ಎಕ್ಸ್‌ವೇಲ್ಯಾಂಡ್ ಎಂಬ ಸೇತುವೆಯ ಮೂಲಕ ಬರುತ್ತವೆ, ಮಸುಕಾಗುವವು ಅವೇ. ಇನ್ನೊಂದು ಡೆಸ್ಕ್‌ಟಾಪ್ ವ್ಯವಸ್ಥೆಯಾದ ಕೆಡಿಇ ಪ್ಲಾಸ್ಮಾದಲ್ಲಿ ಇವುಗಳಿಗಾಗಿ ತಂತ್ರಾಂಶವೇ ಹಿಗ್ಗಿಸಲಿ ಅಥವಾ ವ್ಯವಸ್ಥೆ ಹಿಗ್ಗಿಸಲಿ ಎಂಬ ಆಯ್ಕೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಇದೆ. ವಿಂಡೋಸ್‌ನಲ್ಲಿ ನೋಡಿದ ಅದೇ ಪ್ರಶ್ನೆ. ಗ್ನೋಮ್‌ನಲ್ಲಿ ನನಗೆ ಹಿಡಿಸಿದ ದಾರಿ ಎಂದರೆ ಸ್ಕೇಲನ್ನು ಪೂರ್ಣಾಂಕದಲ್ಲೇ ಬಿಟ್ಟು, ಟ್ವೀಕ್ಸ್ ಎಂಬ ಉಪಕರಣದಲ್ಲಿ ಫಾಂಟಿನ ಗುಣಕವನ್ನು 1.25ಕ್ಕೆ ಏರಿಸುವುದು. ಅಕ್ಷರಗಳು ಮಾತ್ರ ದೊಡ್ಡದಾಗುತ್ತವೆ, ಎಲ್ಲೂ ಮಸುಕಿಲ್ಲ.

ಬರೆದವರನ್ನು ಕೇಳಿ

ಮೇಲಿನವೆಲ್ಲ ನಮ್ಮ ಕಡೆಯಿಂದ ಮಾಡಿಕೊಳ್ಳಬಹುದಾದ ಹೊಂದಾಣಿಕೆ. ಪೂರ್ಣ ಪರಿಹಾರ ಇರುವುದು ತಂತ್ರಾಂಶದೊಳಗೆ. ಚೆಕ್‌ರೋಲನ್ನೋ ಬಿಲ್ಲಿಂಗನ್ನೋ ಬರೆದುಕೊಟ್ಟವರು ಮೈಸೂರಿನಲ್ಲೋ ಕುಶಾಲನಗರದಲ್ಲೋ ಇನ್ನೂ ಸಿಗುವವರಾಗಿದ್ದರೆ, ವರ್ಷದ ನಿರ್ವಹಣೆಗೆ ದುಡ್ಡು ಕೊಡುವಾಗ ಇದನ್ನೂ ಕೇಳುವ ಹಕ್ಕು ನಿಮಗಿದೆ. ತಂತ್ರಾಂಶ ತನ್ನ ಬಗ್ಗೆ ವಿಂಡೋಸಿಗೆ ತಿಳಿಸುವ ಮ್ಯಾನಿಫೆಸ್ಟ್ ಫೈಲಿನಲ್ಲಿ ‘ಪರ್ ಮಾನಿಟರ್, ಆವೃತ್ತಿ 2’ ಎಂದು ಘೋಷಿಸಬೇಕು. ಬರೀ ಘೋಷಿಸಿದರೆ ಸಾಲದು, ಪೆಟ್ಟಿಗೆಗಳ ಎತ್ತರವನ್ನು ಪಿಕ್ಸೆಲ್‌ನಲ್ಲಿ ಗಟ್ಟಿ ಮಾಡದೆ ಅಕ್ಷರದ ಎತ್ತರದಿಂದ ಲೆಕ್ಕ ಹಾಕಬೇಕು. ಹೊಸದಾಗಿ ಬರೆಸುವವರಾದರೆ ಯೂನಿಕೋಡ್ ಮತ್ತು ವಿಂಡೋಸ್ 8ರಿಂದ ಜೊತೆಗೇ ಬರುವ ನಿರ್ಮಲಾ ಫಾಂಟ್ ಸಾಕು. ಬೇರೆ ಫಾಂಟ್ ಹಾಕಿಸುವ ರಗಳೆ ಇಲ್ಲ.

ಒಪ್ಪಿಸಿಕೊಳ್ಳುವ ಮುನ್ನ ಅವರ ಎದುರಿಗೇ ಒಂದು ಪರೀಕ್ಷೆ ಮಾಡಿ. ಸ್ಕೇಲನ್ನು 100, 150, 175, 225ಕ್ಕೆ ಇಡುತ್ತ, ಪ್ರತಿ ಬಾರಿ ಸೈನ್ ಔಟ್ ಮಾಡಿ ಬಂದು, ಹೆಸರಿನ ಪೆಟ್ಟಿಗೆಯಲ್ಲಿ ‘ಧನಲಕ್ಷ್ಮಿ’, ‘ಅಮ್ಮಣ್ಣಿ’, ‘ರಾಷ್ಟ್ರೀಯ’, ‘ಸ್ತ್ರೀ’ ಎಂದು ಟೈಪ್ ಮಾಡಿ. 175ರಲ್ಲಿ ಒತ್ತಿನ ಅಡಿ ಕತ್ತರಿಸದೆ, ಕೋಷ್ಟಕದ ಗೆರೆಗಳು ಒಂದೇ ದಪ್ಪದಲ್ಲಿ ಬಂದರೆ ಉಳಿದ ಅಂಕಿಗಳಲ್ಲೂ ಸಾಮಾನ್ಯವಾಗಿ ತೊಂದರೆ ಬರುವುದಿಲ್ಲ.